ಸತಿಯ ಸ್ವರ, ಪತಿಯ ಅಭಿಮಾನ

ಕನ್ನಡಿಗರಾದ ನಮಗೆ ‘ಅಭಿಮಾನ’ ಎಂಬುದು ಪ್ರೀತಿಯ ಶಬ್ದ. ನಾಡಿನ ಅಭಿಮಾನ, ನುಡಿಯ ಅಭಿಮಾನ ಎನ್ನುತ್ತೇವೆ. ಮೆಚ್ಚಿದ ಕಲಾವಿದರಿಗೆ ಅಭಿಮಾನಿಗಳಾಗುತ್ತೇವೆ. ಕೆಟ್ಟದ್ದನ್ನು ಸೂಚಿಸಬೇಕಾದರೆ ದುರಭಿಮಾನವೆಂದೇ ಹೇಳಬೇಕು. ಹಿಂದಿಯಲ್ಲಿ ಹಾಗಲ್ಲ. ಅಲ್ಲಿ ಇದೇ ಶಬ್ದಕ್ಕೆ ಗರ್ವ, ಅಹಂಕಾರ ಎಂಬ ಅರ್ಥವೇ ಮುಂದು. ಬಂಗಾಳಿಯಲ್ಲಿ ಮತ್ತೊಂದು ಛಾಯೆಯುಂಟು: ಪ್ರೀತಿಪಾತ್ರರೇ ಕಡೆಗಣಿಸಿದಾಗ ಒಳಗೊಳಗೇ ನೊಂದು, ಬಾಯಿಬಿಟ್ಟು ಹೇಳದೆ ಉಳಿಯುವ ಮುನಿಸು. 1973ರಲ್ಲಿ ತೆರೆಕಂಡ ‘ಅಭಿಮಾನ್’ ಎಂಬ ಹಿಂದಿ ಚಿತ್ರದಲ್ಲಿ ಪತಿಯದು ಹಿಂದಿಯ ಅಭಿಮಾನ, ಪತ್ನಿಯದು ಬಂಗಾಳಿಯ ಅಭಿಮಾನ. ನಿರ್ದೇಶಕ ಹೃಷಿಕೇಶ ಮುಖರ್ಜಿಯವರು ಬಂಗಾಳದವರೆಂಬುದನ್ನು ನೆನೆದರೆ ಈ ಹೆಸರು ಸುಮ್ಮನೆ ಬಂದುದಲ್ಲವೆನಿಸುತ್ತದೆ.

ಕಥೆ ಸರಳವಾದುದು. ಸುಬೀರ್ ಮುಂಬಯಿಯ ಜನಪ್ರಿಯ ಗಾಯಕ. ಹಳ್ಳಿಯಲ್ಲಿರುವ ಚಿಕ್ಕಮ್ಮನನ್ನು ಕಾಣಲು ಹೋದಾಗ ಅವನ ಕಿವಿಗೆ ಉಮಾ ಎಂಬ ಕನ್ಯೆಯ ಕಂಠ ಬೀಳುತ್ತದೆ. ಆಕೆ ಹಾಡುತ್ತಿರುವುದು ಶಿವಸ್ತೋತ್ರ. ಚಿತ್ರದ ಉಳಿದ ಹಾಡುಗಳಲ್ಲಿ ಉಮಾಳ ದನಿ ಲತಾ ಮಂಗೇಶ್ಕರರದಾದರೂ ಈ ಸ್ತೋತ್ರವನ್ನು ಹಾಡಿದವರು ಅನುರಾಧಾ ಪೌಡ್ವಾಲ್. ನಮ್ಮ ಕಾರವಾರದಲ್ಲಿ ಹುಟ್ಟಿದ ಈ ಗಾಯಕಿ ಚಿತ್ರರಂಗವನ್ನು ಪ್ರವೇಶಿಸಿದ್ದು ಇದೇ ಶಿವಸ್ತುತಿಯಿಂದ. ತಂದೆಯಿಂದ ಕಲಿತ ಉಮಾಳ ಸಂಗೀತಕ್ಕೆ ಸುಬೀರ್ ಮನಸೋಲುತ್ತಾನೆ, ತಡಮಾಡದೆ ವಿವಾಹವಾಗುತ್ತಾನೆ.

ಆರತಕ್ಷತೆಯ ಸಂಜೆ ನವದಂಪತಿಗಳು ಕೂಡಿ ಹಾಡುತ್ತಾರೆ. ಇನ್ನು ಮುಂದೆ ನಾವಿಬ್ಬರೂ ಜೊತೆಯಲ್ಲಿಯೇ ಹಾಡುತ್ತೇವೆಂದು ಸುಬೀರನೇ ಸಂಭ್ರಮದಿಂದ ಸಾರುತ್ತಾನೆ. ಎಲ್ಲರೂ ಹರ್ಷಿಸುತ್ತಿರುವಾಗ ಒಬ್ಬ ಹಿರಿಯ ಸಂಗೀತಜ್ಞರು ಮಾತ್ರ ಚಿಂತಾಕ್ರಾಂತರಾಗುತ್ತಾರೆ. ಹುಡುಗಿಯ ಪ್ರತಿಭೆ ಗಂಡನದಕ್ಕಿಂತ ದೊಡ್ಡದು; ಅದನ್ನು ಅವನು ಸಹಿಸಿಯಾನೇ ಎಂಬುದು ಅವರ ಶಂಕೆ. ಡೇವಿಡ್ ಅವರು ಅಭಿನಯಿಸಿದ ಈ ಪಾತ್ರಕ್ಕೆ ದೊರೆತ ಅವಕಾಶ ಕಿರಿದು, ಆದರೆ ಮುಂದಿನ ಕಥೆಯೆಲ್ಲ ಆ ಒಂದು ಶಂಕೆಯಲ್ಲಿಯೇ ಅಡಗಿದೆ.

ಮುಂದಿನ ಭಾಗವೇ ಚಿತ್ರದ ಜೀವಾಳ. ಇಲ್ಲಿ ಕೂಗಾಟವಿಲ್ಲ, ಖಳನಾಯಕನಿಲ್ಲ, ಸೊಸೆಯನ್ನು ಕಾಡುವ ಅತ್ತೆಯೂ ಇಲ್ಲ. ಹಸ್ತಾಕ್ಷರ ಬೇಡಿ ಬಂದವರು ಮೊದಲು ಉಮಾಳತ್ತ ಹೋಗುತ್ತಾರೆ. ಆಕೆಗೆ ದೊರೆಯುವ ಸಂಭಾವನೆ ಪತಿಯದನ್ನು ಮೀರುತ್ತದೆ. ಅವನ ಮುಖದ ನಗೆ ಮಾಯವಾಗುವುದಿಲ್ಲ, ತುಸು ಬಿಗಿಯಾಗುತ್ತದೆ, ಅಷ್ಟೆ. ಅಮಿತಾಭ್ ಬಚ್ಚನ್ ಅವರ ಅಬ್ಬರದ ಪಾತ್ರಗಳನ್ನಷ್ಟೇ ಕಂಡವರು ಈ ಬಿಗಿಯಾದ ನಗೆಯನ್ನು ಒಮ್ಮೆ ನೋಡಬೇಕು. ಹೆಂಡತಿಯನ್ನು ವೇದಿಕೆಗೆ ಕರೆತಂದವನು ತಾನೇ ಆದುದರಿಂದ ಅವನು ದೂರುವಂತೆಯೂ ಇಲ್ಲ. ದೂರಲಾಗದ ಅಸೂಯೆ ಕುಡಿತದ ಕಡೆಗೂ ಹಳೆಯ ಗೆಳತಿಯ ಮನೆಯ ಕಡೆಗೂ ತಿರುಗುತ್ತದೆ. ಉಮಾ ಹಾಡನ್ನು ತೊರೆಯಲು ಮುಂದಾದರೂ ಅವನಿಗೆ ಸಮಾಧಾನವಿಲ್ಲ. ತ್ಯಾಗವನ್ನು ಸ್ವೀಕರಿಸಿದರೆ ತನ್ನ ಸೋಲನ್ನು ಒಪ್ಪಿಕೊಂಡಂತಲ್ಲವೆ?

ಈ ಚಿತ್ರ ಹಳೆಯದಾದರೂ ಇದರ ಪ್ರಶ್ನೆಗೆ ವಯಸ್ಸಾಗಿಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ವರನ ವಿದ್ಯೆ ವಧುವಿನದಕ್ಕಿಂತ ಒಂದು ಮೆಟ್ಟಿಲು ಮೇಲಿರಬೇಕು, ಸಂಬಳ ನಾಲ್ಕು ಕಾಸಾದರೂ ಹೆಚ್ಚಿರಬೇಕು ಎಂದು ಹಿರಿಯರು ಲೆಕ್ಕ ಹಾಕುವುದುಂಟು. ಎಂಜಿನಿಯರ್ ಸೊಸೆ ಬೇಕು. ಆಕೆಗೆ ಬಡ್ತಿ ಬಂದ ದಿನ ಮಾತ್ರ ಮನೆಯಲ್ಲಿ ಮೌನ. ಆ ಮೌನವನ್ನು ಮುಖರ್ಜಿಯವರು ಅಂದೇ ಕಂಡಿದ್ದರು.

ಆದರೂ ಚಿತ್ರದ ಬಗ್ಗೆ ನಮ್ಮದೊಂದು ತಕರಾರಿದೆ. ಉಮಾಳಿಗೆ ಕೀರ್ತಿಯ ಆಸೆಯೇ ಇಲ್ಲವೆಂದು ಕಥೆ ಮತ್ತೆ ಮತ್ತೆ ಹೇಳುತ್ತದೆ. ಗಂಡನ ಇಚ್ಛೆಯಿಂದ ಹಾಡಿದಳು, ಗಂಡನಿಗಾಗಿ ಬಿಟ್ಟಳು. ಆದುದರಿಂದಲೇ ಪ್ರೇಕ್ಷಕರ ಕಣ್ಣೀರು ಆಕೆಗೆ ಸುಲಭವಾಗಿ ಸಲ್ಲುತ್ತದೆ. ತನ್ನ ಕಂಠದ ಬೆಲೆಯನ್ನು ತಾನೇ ಅರಿತು, ನಾನು ಹಾಡಬೇಕು ಎಂದು ಆಕೆ ಹೇಳಿದ್ದರೆ? ಆಗಲೂ ಆಕೆ ನಿರಪರಾಧಿಯೇ. ಆದರೆ 1973ರ ಪ್ರೇಕ್ಷಕರು ಅದನ್ನು ಒಪ್ಪುತ್ತಿದ್ದರೆಂಬ ಧೈರ್ಯ ಚಿತ್ರ ತಯಾರಿಸಿದವರಿಗೆ ಇದ್ದಂತಿಲ್ಲ. ಸುಬೀರನ ತಪ್ಪಿಗೆ ದಂಡ ತೆತ್ತವಳೂ ಆಕೆಯೇ. ಗರ್ಭಿಣಿಯಾಗಿ ತವರಿಗೆ ಮರಳಿದ ಉಮಾ ಮಗುವನ್ನು ಕಳೆದುಕೊಂಡು, ಕಲ್ಲಿನಂತೆ ಮೂಕಳಾಗುತ್ತಾಳೆ. ಆ ಮೌನದ ದೃಶ್ಯಗಳಲ್ಲಿ ಜಯಾ ಭಾದುರಿಯವರ ಕಣ್ಣುಗಳು ಮಾಡಿದ ಕೆಲಸವನ್ನು ಪುಟಗಟ್ಟಲೆ ಸಂಭಾಷಣೆಯೂ ಮಾಡಲಾರದು. ಅವರಿಗೆ ಶ್ರೇಷ್ಠ ನಟಿಯೆಂದು ಫಿಲ್ಮ್‌ಫೇರ್ ಪ್ರಶಸ್ತಿ ದೊರೆತದ್ದು ನ್ಯಾಯವೇ ಆಗಿದೆ. ಸಂಗೀತಕ್ಕಾಗಿ ಸಚಿನ್ ದೇವ್ ಬರ್ಮನ್ ಅವರಿಗೂ ಅದೇ ಪ್ರಶಸ್ತಿ ಸಂದಿತು.

ತೆರೆಯ ಹೊರಗಿನ ಸಂಗತಿಯನ್ನೂ ಇಲ್ಲಿ ನೆನೆಯಬಹುದು. ನಾಯಕ ನಾಯಕಿಯರು ನಿಜಜೀವನದಲ್ಲಿ ಸತಿಪತಿಗಳಾದುದು 1973ರ ಜೂನ್ 3ರಂದು. ಚಿತ್ರ ಬಿಡುಗಡೆಯಾದುದು ಮರುತಿಂಗಳು. ಅಲ್ಲಿಗೆ ಕೆಲವು ತಿಂಗಳ ಹಿಂದಿನವರೆಗೂ ಇಬ್ಬರಲ್ಲಿ ಹೆಚ್ಚು ಹೆಸರು ಮಾಡಿದ್ದವರು ಜಯಾ. ಅದೇ ವರ್ಷದ ಮೇ ತಿಂಗಳಲ್ಲಿ ಬಂದ ‘ಜಂಜೀರ್’ ಅಮಿತಾಭರ ದೆಸೆಯನ್ನು ಬದಲಿಸಿತು. 1981ರ ‘ಸಿಲ್‌ಸಿಲಾ’ದ ಬಳಿಕ ಜಯಾ ಬಹುಕಾಲ ತೆರೆಯಿಂದ ದೂರವಿದ್ದು, 1998ರಲ್ಲಿ ‘ಹಜಾರ್ ಚೌರಾಸಿ ಕಿ ಮಾ’ ಚಿತ್ರದಲ್ಲಿ ಮುಖ್ಯಪಾತ್ರ ವಹಿಸಿ ಮರಳಿದರು.

ಸಂಗೀತಪ್ರಿಯರಿಗೆ ಇನ್ನೊಂದು ಸ್ವಾರಸ್ಯ. ಸುಬೀರ್ ಒಬ್ಬನೇ ಆದರೂ ಅವನಿಗೆ ಕಂಠ ನೀಡಿದವರು ಮೂವರು: ಕಿಶೋರ್ ಕುಮಾರ್, ಮಹಮ್ಮದ್ ರಫಿ, ಮನ್‌ಹರ್ ಉಧಾಸ್. ಲತಾ ಅವರ ಸಮಕ್ಕೆ ನಿಲ್ಲಲು ಮೂವರು ಬೇಕಾಯಿತೆಂದು ಹಾಸ್ಯ ಮಾಡಿದರೆ ತಪ್ಪಾಗಲಾರದು!

ಕೊನೆಯಲ್ಲಿ ಸುಬೀರ್ ಸಾವಿರಾರು ಜನರೆದುರು ವೇದಿಕೆಯ ಮೇಲೆ, ಹುಟ್ಟಲಿರುವ ಕಂದನ ಕನಸನ್ನು ಹೇಳುವ ಹಾಡನ್ನು ಎತ್ತಿಕೊಳ್ಳುತ್ತಾನೆ. ರವೀಂದ್ರನಾಥ ಠಾಕೂರರ ಗೀತೆಯೊಂದರ ಧಾಟಿಯನ್ನು ಆಧರಿಸಿ ಬರ್ಮನ್ ರಚಿಸಿದ ಹಾಡಿದು. ತಾನೊಬ್ಬನೇ ಹಾಡಲಾರೆನೆಂಬುದನ್ನು ಅವನು ಒಪ್ಪಿಕೊಳ್ಳುವುದು ಮಾತಿನಿಂದಲ್ಲ, ಪಲ್ಲವಿಯನ್ನು ಅರ್ಧಕ್ಕೆ ನಿಲ್ಲಿಸಿ ಆಕೆಗಾಗಿ ಕಾಯುವ ಕೊರಳಿನಿಂದ. ಉಮಾಳ ಕಣ್ಣು ಮೊದಲು ತುಂಬುತ್ತದೆ. ಆಮೇಲೆ ಅಳು ಒಡೆಯುತ್ತದೆ. ಅಳುವಿನ ನಡುವೆಯೇ ಸ್ವರ ಹೊರಡುತ್ತದೆ. ಮರುದಿನದಿಂದ ಆಕೆ ಮತ್ತೆ ವೇದಿಕೆಯೇರಿದಳೇ, ಕರಾರುಪತ್ರದಲ್ಲಿ ಯಾರ ಹೆಸರು ಮೊದಲು ಬಂತು ಎಂಬುದನ್ನು ಚಿತ್ರ ಹೇಳುವುದಿಲ್ಲ. ಹಾಡು ಮುಗಿದೊಡನೆ ಪರದೆ ಇಳಿಯುತ್ತದೆ.