ಗಂಗಾಧರರಾಯರು ಯಾರ ಕಡೆಯವರು?

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಬೆಳಗಾವಿ ಯಾರದು?" ಆಫೀಸಿನ ಕ್ಯಾಂಟೀನಿನಲ್ಲಿ, ಸೊಸೈಟಿ ಮೀಟಿಂಗು ಮುಗಿದ ಮೇಲೆ ಚಹಾ ಕುಡಿಯುವಾಗ, ಗೆಳೆಯರು ನಗುತ್ತಲೇ ಕೇಳುತ್ತಾರೆ. ನಾವೂ ನಗುತ್ತಲೇ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇವೆ. ನಾನು ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು, ಪ್ರಶ್ನೆ ಹಾಗೇ ಇದೆ. ಅದಕ್ಕೇ ಇವತ್ತು ಊರಿನ ವಿಷಯ ಬಿಟ್ಟು ಆ ಊರಿನ ಒಬ್ಬ ಮನುಷ್ಯನ ವಿಷಯ ಬರೆಯೋಣ ಅನ್ನಿಸಿತು. ಗಂಗಾಧರರಾವ್ ದೇಶಪಾಂಡೆ.

ಹೆಸರು ಕೇಳಿದ್ದೀರಿ, ಅಲ್ಲವೇ? 'ಕರ್ನಾಟಕ ಸಿಂಹ' ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೀರಿ. ಅದಕ್ಕಿಂತ ಹೆಚ್ಚು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1871ರಲ್ಲಿ, ಬೆಳಗಾವಿ ಜಿಲ್ಲೆಯ ಹುದಲಿಯ ದೇಶಪಾಂಡೆ ಮನೆತನದಲ್ಲಿ. ಆಗ ಬೆಳಗಾವಿ, ಧಾರವಾಡ, ವಿಜಾಪುರ ಎಲ್ಲ ಮುಂಬಯಿ ಪ್ರಾಂತ್ಯದೊಳಗೆ. ರಾಜಕಾರಣ ಅಂದರೆ ಜನ ಪುಣೆಯ ಕಡೆಗೇ ನೋಡಬೇಕು. ಗಂಗಾಧರರಾಯರು ಲೋಕಮಾನ್ಯ ತಿಲಕರ ನೆಚ್ಚಿನ ಅನುಯಾಯಿ. 1916ರ ಏಪ್ರಿಲಿನಲ್ಲಿ ತಿಲಕರು ಹೋಮ್ ರೂಲ್ ಲೀಗ್ ಕಟ್ಟಿದ್ದು ಪುಣೆಯಲ್ಲಿ ಅಲ್ಲ, ಬೆಳಗಾವಿಯಲ್ಲಿ! ಆ ನೆಲ ಹದವಾಗಿದ್ದದ್ದು ಗಂಗಾಧರರಾಯರಂಥವರ ದುಡಿಮೆಯಿಂದ.

1920ರಲ್ಲಿ ತಿಲಕರು ತೀರಿಕೊಂಡರು. ಅವರ ಶಿಷ್ಯರಲ್ಲಿ ಹಲವರಿಗೆ ಗಾಂಧೀಜಿ ಕೊನೆಯವರೆಗೂ ಒಗ್ಗಲಿಲ್ಲ. ಗಂಗಾಧರರಾಯರು ಮಾತ್ರ ಗಾಂಧೀಜಿಯ ಜೊತೆ ನಿಂತರು. ಅದೇ ವರ್ಷದ ಕೊನೆಗೆ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಯ ಪ್ರಕಾರ ಪ್ರಾಂತ ಸಮಿತಿಗಳನ್ನು ಮಾಡಲು ಒಪ್ಪಿತು. ಮುಂಬಯಿ, ಮೈಸೂರು, ಮದ್ರಾಸು ಅಂತ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಕಾಗದದ ಮೇಲಾದರೂ ಒಂದು 'ಕರ್ನಾಟಕ' ಸಿಕ್ಕಿತು. ಆ ಕರ್ನಾಟಕ ಪ್ರಾಂತ ಸಮಿತಿಯ ಮೊದಲ ಅಧ್ಯಕ್ಷರು ಇವರೇ. ರಾಜ್ಯ ಆಗಲು ಇನ್ನೂ 36 ವರ್ಷ ಇತ್ತು.

ಮುಂದೆ 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಅದರ ಸ್ವಾಗತ ಸಮಿತಿಯ ಅಧ್ಯಕ್ಷರು ಗಂಗಾಧರರಾಯರು. ಬಂದ ಜನಕ್ಕೆ ನೀರು ಬೇಕಲ್ಲ? 4,370 ರೂಪಾಯಿ 3 ಆಣೆ ಖರ್ಚು ಮಾಡಿ ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ, ಜನ 'ಕಾಂಗ್ರೆಸ್ ಬಾವಿ' ಅನ್ನುತ್ತಾರೆ. ಅಧಿವೇಶನದ ನಗರಕ್ಕೆ ಇಟ್ಟ ಹೆಸರು 'ವಿಜಯನಗರ'. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡಿದ್ದು ಅಲ್ಲಿಯೇ. ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿದ್ದೂ ಅದೇ ದಿನಗಳಲ್ಲಿ, ಅದೇ ಊರಿನಲ್ಲಿ.

ಇಷ್ಟು ಮಾಡಿದ ಮನುಷ್ಯ ತಮ್ಮ ಜೀವನಕಥೆ ಬರೆದದ್ದು ಮರಾಠಿಯಲ್ಲಿ.

ನಮ್ಮ ಸಂಕಟ ಶುರುವಾಗುವುದು ಇಲ್ಲೇ ನೋಡಿ. ನಮ್ಮವರು 'ಸಿಂಹ' ಅಂತ ಹಾರ ಹಾಕಿ, ಮರಾಠಿ ಪುಸ್ತಕದ ಮಾತು ಬಂದಾಗ ಸುಮ್ಮನಾಗುತ್ತಾರೆ. ಇಲ್ಲಿನ ಗೆಳೆಯರಲ್ಲಿ ಗೊತ್ತಿದ್ದವರು 'ತಿಲಕರ ಬಳಗದವರು' ಅನ್ನುತ್ತಾರೆ, 'ಕರ್ನಾಟಕ ಸಿಂಹ' ಅಂದರೆ ಹುಬ್ಬೇರಿಸುತ್ತಾರೆ. ಇಬ್ಬರಿಗೂ ಅರ್ಧ ಮನುಷ್ಯ ಸಾಕು. ಮನೆಮಾತು ಮರಾಠಿಯಾದರೂ ಬೇಂದ್ರೆಯವರನ್ನು ವರಕವಿ ಎಂದು ತಲೆಯ ಮೇಲೆ ಹೊತ್ತವರು ನಾವು. ಕವಿಗೆ ಕೊಟ್ಟ ಸಲಿಗೆಯನ್ನು ರಾಜಕಾರಣಿಗೆ ಯಾಕೆ ಕೊಡುವುದಿಲ್ಲ?

ಏಕೀಕರಣದ ಕುಲಪುರೋಹಿತರು ಆಲೂರ ವೆಂಕಟರಾಯರು. ಆ ಪಟ್ಟ ಇವರಿಗೆ ಸೇರಬೇಕೆಂದು ನಾನು ಹೇಳುತ್ತಿಲ್ಲ. (ಅಂದ ಹಾಗೆ ಆಲೂರರು ಓದಿದ್ದೂ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ!) ನನ್ನ ಮಾತು ಇಷ್ಟೇ. ಗಡಿನಾಡಿನ ರಾಜಕಾರಣಿಯನ್ನು ಮನೆಯಲ್ಲಿ ಆಡಿದ ಮಾತಿನಿಂದ ಅಳೆಯಬಾರದು, ಮಾಡಿದ ಕೆಲಸದಿಂದ ಅಳೆಯಬೇಕು.

ಬಿರುದು ಉಳಿದು ಕೆಲಸ ಮರೆತುಹೋಗುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಗಡಿಸೀಮೆಯ ರಾಜಕಾರಣಿ ಡೇವಿ ಕ್ರಾಕೆಟ್ ಅಂದರೆ ಅಲ್ಲಿಯವರಿಗೆ ಮೊದಲು ನೆನಪಾಗುವುದು ತುಪ್ಪಳದ ಟೋಪಿ, ಬಂದೂಕು, 1836ರಲ್ಲಿ ಅಲಮೋ ಕೋಟೆಯಲ್ಲಿ ಬಂದ ಸಾವು. ಆದರೆ 1830ರಲ್ಲಿ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸುವ ಕಾಯಿದೆ ಬಂದಾಗ ಟೆನೆಸಿಯ ಸದಸ್ಯರಲ್ಲಿ ವಿರುದ್ಧ ಮತ ಹಾಕಿದವನು ಅವನೊಬ್ಬನೇ. ಮರುವರ್ಷದ ಚುನಾವಣೆಯಲ್ಲಿ ಸೋತ. ಟೋಪಿ ನೆನಪಿದ್ದಷ್ಟು ಆ ಮತ ನೆನಪಿಲ್ಲ.

ಗಂಗಾಧರರಾಯರದೂ ಅದೇ ಕಥೆ. 'ಸಿಂಹ' ನೆನಪಿದೆ, ಹುದಲಿಯ ಚರಕ ನೆನಪಿಲ್ಲ. ದೇಶಪಾಂಡೆ ಮನೆತನದವರು ಹಳ್ಳಿಯಲ್ಲಿ ಖಾದಿ ಕೆಲಸಕ್ಕೆ ಕೂತರು. 1937ರಲ್ಲಿ ಗಾಂಧೀಜಿ ಹುದಲಿಗೇ ಬಂದು ತಂಗಿದರು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ್ದು, 1960ರ ಮೇ 1ರಂದು ಮಹಾರಾಷ್ಟ್ರ ಹುಟ್ಟಿದ್ದು, ಎರಡನ್ನೂ ಅವರು ನೋಡಿದರು. ಅದೇ ಜುಲೈ 30ರಂದು ತೀರಿಕೊಂಡರು.

ಆಮೇಲೆ ಮಹಾಜನ ಆಯೋಗ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಕೋರ್ಟು ತನ್ನ ಕೆಲಸ ಮಾಡಲಿ. ಬೆಳಗಾವಿ ಕರ್ನಾಟಕದ್ದು ಎನ್ನುವುದರಲ್ಲಿ ನನಗೇನೂ ಅನುಮಾನವಿಲ್ಲ. ಆದರೆ ಊರು ನಮ್ಮದು ಅನ್ನುವವರು ಆ ಊರಿನ ಮನುಷ್ಯನನ್ನೂ ಇಡಿಯಾಗಿ ನಮ್ಮವನು ಅನ್ನಬೇಕು, ಅವನ ಮರಾಠಿಯ ಸಮೇತ.

ಈ ಕೆಲಸಕ್ಕೆ ನಮಗಿಂತ ತಕ್ಕವರು ಯಾರಿದ್ದಾರೆ ಹೇಳಿ? ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಮ್ಮ ಮಕ್ಕಳಂತೂ ಒಂದೇ ವಾಕ್ಯದಲ್ಲಿ ಎರಡನ್ನೂ ಆಡುತ್ತವೆ. ಅವರನ್ನು ಯಾರಾದರೂ "ನೀವು ಯಾವ ಕಡೆಯವರು" ಅಂತ ಕೇಳಿದರೆ ನಮಗೆ ಕಸಿವಿಸಿ ಆಗುತ್ತದೆ ತಾನೆ? ಹಾಗಾದರೆ ಅದೇ ಪ್ರಶ್ನೆಯನ್ನು ಗಂಗಾಧರರಾಯರಿಗೆ ಕೇಳುವುದನ್ನು ನಾವೇ ಮೊದಲು ಬಿಡೋಣ. ದೇವನಾಗರಿ ಓದಲು ಬರುವವರು ಅವರ ಜೀವನಕಥೆ ಹುಡುಕಿ ಓದಿ. ಓದಿದವರು ನಾಲ್ಕು ಜನಕ್ಕೆ ಕನ್ನಡದಲ್ಲಿ ಹೇಳಿ.

ಏನಂತೀರಿ?