ಕಲ್ಲುಗಣಿಯ ಕೆಸರುನೀರು ಯಾರ ಲೆಕ್ಕಕ್ಕೆ?

ಕಲಬುರಗಿ ನಗರದ ಸೆರಗಿನಲ್ಲಿರುವ ಶರಣಸಿರಸಗಿಯಂಥ ಊರುಗಳ ಸುತ್ತ ಮಣ್ಣಿನಡಿಯಲ್ಲಿರುವುದು ಕಪ್ಪು ಕಲ್ಲು. ಆಗ್ನೇಯಕ್ಕೆ ಶಹಾಬಾದ, ಚಿತ್ತಾಪುರ, ಸೇಡಂ ಕಡೆಗೆ ಸಾಗಿದರೆ ಪದರು ಪದರಾಗಿ ಏಳುವ ಸುಣ್ಣಕಲ್ಲು. ಜಲ್ಲಿಯಾಗಲಿ ಪರಸಿಯಾಗಲಿ, ಜಿಲ್ಲೆಯ ಕಟ್ಟಡ ವ್ಯಾಪಾರವು ನಿಂತಿರುವುದು ಈ ಎರಡು ಕಲ್ಲುಗಳ ಮೇಲೆಯೇ. ಗಣಿ ಮಾಲೀಕರ ಖಾತೆಯಲ್ಲಿ ರಾಜಧನ, ಡೀಸೆಲ್, ಸಿಡಿಮದ್ದು, ಕೂಲಿ, ಲಾರಿ ಬಾಡಿಗೆ ಎಲ್ಲವೂ ಚಾಚೂ ತಪ್ಪದೆ ದಾಖಲಾಗುತ್ತವೆ. ಮಳೆಗಾಲದಲ್ಲಿ ಗಣಿಯಿಂದ ಹೊರಬೀಳುವ ನೀರು ಮತ್ತು ಅದರೊಡನೆ ಹೋಗುವ ಮಣ್ಣಿಗೆ ಮಾತ್ರ ಯಾವ ಖಾತೆಯೂ ಇಲ್ಲ. ಅದು ಪಕ್ಕದ ಹೊಲದವನ ಲೆಕ್ಕಕ್ಕೆ, ಹಳ್ಳದ ಲೆಕ್ಕಕ್ಕೆ, ಕೊನೆಗೆ ಭೀಮೆಯ ಲೆಕ್ಕಕ್ಕೆ ಜಮೆಯಾಗುತ್ತದೆ.

ವರ್ತಕರಿಗೆ ಅಂಕಿಗಳೇ ಹೆಚ್ಚು ಮನವರಿಕೆಯಾಗುವುದರಿಂದ ಒಂದು ಸರಳ ಲೆಕ್ಕವನ್ನು ಹಾಕಬಹುದು. ಐದು ಎಕರೆ ಗಣಿಯ ಮೇಲೆ ಒಂದು ದಿನದಲ್ಲಿ 50 ಮಿಲಿಮೀಟರ್ ಮಳೆ ಬಿದ್ದರೆ ಒಟ್ಟು ನೀರು ಹತ್ತು ಲಕ್ಷ ಲೀಟರ್. ಮೂರರಲ್ಲಿ ಎರಡು ಪಾಲು ಹರಿದುಹೋಯಿತೆಂದರೂ ಅದು ಹತ್ತು ಸಾವಿರ ಲೀಟರಿನ 65ಕ್ಕೂ ಹೆಚ್ಚು ಟ್ಯಾಂಕರುಗಳಷ್ಟಾಯಿತು. ಲೀಟರಿಗೆ ಐದು ಗ್ರಾಂ ಮಣ್ಣು ಇದೆಯೆಂದು ಹಿಡಿದರೆ ಒಂದೇ ದಿನದಲ್ಲಿ ಮೂರು ಟನ್ನಿಗೂ ಮೀರಿದ ಹೂಳು ಹಳ್ಳ ಸೇರುತ್ತದೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳಕೊಳ್ಳಗಳಿಗೆ ಬಿಡುವ ನೀರಿನಲ್ಲಿ ತೇಲುಕಣಗಳಿಗಿರುವ ಮಿತಿ ಲೀಟರಿಗೆ ಕೇವಲ 100 ಮಿಲಿಗ್ರಾಂ. ಅಂದರೆ ಈ ನೀರು ಮಿತಿಗಿಂತ ಐವತ್ತು ಪಟ್ಟು ಕೊಳೆ.

ಈ ಮಣ್ಣು ಬರುವುದು ಬಂಡೆಯಿಂದಲ್ಲ. ಬಂಡೆಯನ್ನು ತಲುಪಲು ಎತ್ತಿಹಾಕಿದ ಮೇಲ್ಮಣ್ಣು, ಮಾರಾಟಕ್ಕೆ ಬಾರದ ಚಕ್ಕೆಗಳ ಗುಡ್ಡೆ, ಕ್ರಷರಿನ ಪುಡಿ, ಲಾರಿಗಳು ಅರೆದ ದಾರಿ ಇವೇ ಅದರ ಮೂಲ. ಇವುಗಳಲ್ಲಿ ಅತಿ ಹಟಮಾರಿಯಾದುದು ಎರೆಮಣ್ಣು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಮರಳಿನ ಕಣವು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು. ಅದರ ಹತ್ತನೇ ಒಂದರಷ್ಟು ಗಾತ್ರದ ಕಣಕ್ಕೆ ಸುಮಾರು ಮೂರು ಗಂಟೆ ಬೇಕು. ಜೇಡಿಯ ಅತಿ ಸೂಕ್ಷ್ಮ ಕಣಕ್ಕೆ ಹತ್ತು ಹನ್ನೆರಡು ದಿನವೇ ಬೇಕಾಗುತ್ತದೆ. ಆದುದರಿಂದ ಅಧಿಕಾರಿಗಳು ಬರುವ ಮುನ್ನಾದಿನ ಜೆಸಿಬಿಯಿಂದ ತೋಡಿದ ಗುಂಡಿಯು ಛಾಯಾಚಿತ್ರಕ್ಕೆ ಆದೀತೇ ಹೊರತು ಹೂಳಿಗೆ ಆಗದು.

ಗುಂಡಿಗಿಂತ ಮೊದಲು ಆಗಬೇಕಾದುದು ಸುತ್ತುಗಾಲುವೆ. ಮೇಲ್ಗಡೆಯ ಹೊಲಗಳಿಂದ ಬರುವ ತಿಳಿನೀರು ಗಣಿಯೊಳಗೆ ಕಾಲಿಡದಂತೆ ಅದನ್ನು ಬಳಸಿ ದಾಟಿಸಿದರೆ ತೊಂದರೆಯ ದೊಡ್ಡ ಪಾಲು ಅಲ್ಲಿಯೇ ಮುಗಿಯುತ್ತದೆ. ಒಡ್ಡು ಹಾಕಿ ನೀರನ್ನು ತಿರುಗಿಸುವ ಈ ವಿದ್ಯೆ ಬೇಸಾಯಗಾರನಿಗೆ ಹೊಸದಲ್ಲ. ಗಣಿಗೆ ಭೂಮಿಯನ್ನು ಕೊಟ್ಟ ರೈತನನ್ನೇ ಕೇಳಿದರೂ ನೀರು ಎಲ್ಲಿಂದ ಇಳಿಯುತ್ತದೆಂದು ಬೆರಳಿಟ್ಟು ತೋರಿಸಿಯಾನು. ಅವನನ್ನು ಕೇಳುವವರು ಕಡಿಮೆ. ಗಣಿಯೊಳಗೇ ಬಿದ್ದ ಮಳೆಗೆ ಹೊಂಡ ಬೇಕು. ಮೇಲಿನ ಲೆಕ್ಕದ ನೀರಿಗೆ ಅರ್ಧದಷ್ಟು ಹೆಚ್ಚುವರಿ ಸೇರಿಸಿದರೆ 25 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ಹೊಂಡ ಸಾಕಾಗುತ್ತದೆ. ಅದು ಹಿಡಿಯುವ ಜಾಗ ಐದು ಗುಂಟೆ.

ಇದನ್ನು ಕಾನೂನು ಕೇಳುತ್ತಿಲ್ಲವೆಂದಲ್ಲ. ಐದು ಹೆಕ್ಟೇರಿಗಿಂತ ಕಡಿಮೆಯ ಉಪಖನಿಜ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2012ರ ಫೆಬ್ರವರಿ 27ರಂದು ಆದೇಶಿಸಿತು. ಸುತ್ತುಗಾಲುವೆ, ಹೂಳುಹೊಂಡ ಇವು ಅಂಥ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳು. ಷರತ್ತು ಕಡತದಲ್ಲಿ ಉಳಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಬಳ್ಳಾರಿಯಿದೆ. 2011ರ ಜುಲೈ 29ರಂದು ಅಲ್ಲಿನ ಅದಿರು ಗಣಿಗಾರಿಕೆಯನ್ನು ನ್ಯಾಯಾಲಯವು ನಿಲ್ಲಿಸಿತು. ಪುನಃ ಆರಂಭಿಸಲು ಪ್ರತಿಯೊಂದು ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯವಾಯಿತು. ಚೆಕ್ ಡ್ಯಾಂ, ತಡೆಗೋಡೆ, ಕಾಲುವೆ ಎಲ್ಲವೂ ಅದರಲ್ಲಿದ್ದವು. ಹೂಳು ತಡೆಯುವ ಕೆಲಸವು ಉತ್ಪಾದನೆಯ ಪೂರ್ವಷರತ್ತೇ ಆಯಿತು. ಕೆಳಗಿನ ತುಂಗಭದ್ರಾ ಜಲಾಶಯದ ಸಾಮರ್ಥ್ಯವು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. ಅಷ್ಟೂ ಹೂಳು ಗಣಿಯದೆಂದು ಹೇಳುವುದು ಅನ್ಯಾಯವಾದೀತು. ಆದರೆ ಗಣಿಯದು ಇಲ್ಲವೇ ಇಲ್ಲವೆಂದು ಸಾಧಿಸಲು ಯಾರ ಬಳಿಯೂ ಪುರಾವೆ ಇರಲಿಲ್ಲ.

ಸಣ್ಣ ಮಾಲೀಕರ ಆಕ್ಷೇಪಣೆ ಮಾತ್ರ ತಳ್ಳಿಹಾಕುವಂಥದಲ್ಲ. ಎಕರೆ ಎರಡೆಕರೆಯಲ್ಲಿ ಪರಸಿ ಎಬ್ಬಿಸುವವನು ಹೊಂಡಕ್ಕೆ ಜಾಗವನ್ನು ಎಲ್ಲಿಂದ ತರಬೇಕು? ಪಕ್ಕದ ಗಣಿಯ ನೀರು ಅವನ ಗಣಿಯೊಳಗೇ ಇಳಿಯುವಾಗ ಹೊಣೆ ಯಾರದು? ಒಬ್ಬೊಬ್ಬನಿಗೆ ನೋಟೀಸು ಕೊಟ್ಟರೆ ಈ ಪ್ರಶ್ನೆಗೆ ಉತ್ತರ ದೊರೆಯದು. ದಂಡ ಕಟ್ಟುವವನು ಯಾವಾಗಲೂ ತಗ್ಗಿನಲ್ಲಿರುವವನೇ. ಒಂದೇ ಹಳ್ಳಕ್ಕೆ ನೀರು ಬಿಡುವ ಗಣಿಗಳೆಲ್ಲ ಕೂಡಿ ಕಲ್ಲು ತೀರಿದ ಒಂದು ಹಳೆಯ ಗುಂಡಿಯನ್ನು ಸಾಮೂಹಿಕ ಹೂಳುಹೊಂಡವಾಗಿಸಿ, ಲಾರಿಗಿಷ್ಟು ಎಂದು ವಂತಿಗೆ ಹಾಕಿಕೊಳ್ಳುವುದೇ ನ್ಯಾಯ. ಅನುಮತಿಗಳನ್ನು ಅದಕ್ಕೆ ತಕ್ಕಂತೆ ಒಟ್ಟುಗೂಡಿಸಿ ಕೊಡಬೇಕೆಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮುಂದೆ ವಾದಿಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಯು ಕೈಗೆತ್ತಿಕೊಳ್ಳಬೇಕು. ರಾಜಧನದ ದರ ಏರಿದಾಗ ನಿಯೋಗ ಕೊಂಡೊಯ್ಯುವ ಉತ್ಸಾಹದಲ್ಲಿ ಅರ್ಧದಷ್ಟಾದರೂ ಇದಕ್ಕೆ ಮೀಸಲಾಗಲಿ.

ಲಾಭದ ಮಾತೂ ಇದೆ. ಧೂಳು ಅಡಗಿಸಲು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಕ್ರಷರುಗಳಿಗೆ ತಿಳಿಯಾದ ಹೊಂಡದ ನೀರು ಪುಕ್ಕಟೆ. ಗುಂಡಿಗೆ ಬೇಲಿ ಮಾತ್ರ ಇರಲೇಬೇಕು. ಜನವಸತಿಯ ಬಳಿಯ ನೀರು ತುಂಬಿದ ಗಣಿಯು ಈಜಲಿಳಿಯುವ ಮಕ್ಕಳಿಗೆ ಮೃತ್ಯುಕೂಪ. ಪಾಲಿಶ್ ಯಂತ್ರಗಳ ಸುಣ್ಣರಾಡಿಯನ್ನೂ ಇದರಲ್ಲಿ ಬಿಡಬಾರದು, ಅದಕ್ಕೆ ಬೇರೆಯೇ ತೊಟ್ಟಿ ಬೇಕು.

ಹೂಳು ತುಂಬಿದ ಹೊಂಡ ಇದ್ದೂ ಇಲ್ಲದಂತೆ. ಮೃಗಶಿರಾ ಮಳೆಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ ಹೂಳೆತ್ತಿ ಸುಮ್ಮನಾಗುವುದು ರೂಢಿ. ಕಲಬುರಗಿಯಲ್ಲಿ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. 2020ರಲ್ಲಿ ಭೀಮೆ ಉಕ್ಕಿ ಹರಿದುದು ಅಕ್ಟೋಬರ್ ನಡುವೆ, ಚಿತ್ತಾ ಮಳೆಯಲ್ಲಿ. ಆದುದರಿಂದ ಆಗಸ್ಟ್ ಕೊನೆಯಲ್ಲಿ ಸಿಗುವ ಬಿಡುವಿನಲ್ಲಿ ಇನ್ನೊಮ್ಮೆ ಹೂಳೆತ್ತಬೇಕು, ಎತ್ತಿದ ಮಣ್ಣನ್ನು ಹೊಂಡದ ದಂಡೆಯ ಮೇಲೆಯೇ ರಾಶಿ ಹಾಕದೆ ಮೇಲ್ಗಡೆಗೆ ಸಾಗಿಸಬೇಕು.