ತಂತ್ರಾಂಶ ಬದಲಾಯಿತು, ಕೋಣೆ ಬದಲಾಗಲಿಲ್ಲ

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಕಟ್ಟಿದ ಆಡಾಸಿಟಿ ಎಂಬ ಸಾಫ್ಟ್‌ವೇರ್ 2000ದ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. ಬೆಲೆಯಿಲ್ಲ, ಬೀಗವಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಲ್ಲವರು ಒಳಗಿನ ಕೋಡನ್ನು ತಿದ್ದಲೂಬಹುದು. ಮನೆಯ ಕಂಪ್ಯೂಟರಿನಲ್ಲಿ ಹಾಡು ಮುದ್ರಿಸಿಕೊಳ್ಳುವ ಆಸೆಗೆ ಅಡ್ಡ ನಿಂತಿದ್ದ ಹಣದ ಗೋಡೆ ಅಲ್ಲಿಂದ ಕುಸಿಯತೊಡಗಿತು. ಕಾಲು ಶತಮಾನ ಕಳೆದ ಮೇಲೆ ಹಿಂದಿರುಗಿ ನೋಡಿದರೆ ಒಂದು ಸಂಗತಿ ನಿಚ್ಚಳವಾಗಿ ಕಾಣುತ್ತದೆ. ಸಾಫ್ಟ್‌ವೇರಿನ ಕೊರತೆ ಎಂದೋ ನೀಗಿದೆ. ಆದರೂ ಮನೆಯಲ್ಲಿ ಮುದ್ರಿಸಿದ ಮೊದಲ ಹಾಡನ್ನು ಕೇಳಿಸಿಕೊಂಡ ಹೊಸಬರ ಮುಖ ಇಂದಿಗೂ ಬಾಡುತ್ತದೆ. ಅದರ ಕಾರಣ ಕಂಪ್ಯೂಟರಿನೊಳಗಿಲ್ಲ. ಹಾಡುವ ಕೋಣೆಯಲ್ಲಿದೆ, ಬಾಯಿಗೂ ಮೈಕಿಗೂ ನಡುವಿನ ಗೇಣಳತೆಯಲ್ಲಿದೆ.

ಆಡಾಸಿಟಿಗೂ ಹಿಂದೆ ಒಂದು ದೀರ್ಘ ದಾರಿ ಇತ್ತು. 1979ರಲ್ಲಿ ಜಪಾನಿನ ಟಾಸ್ಕಾಂ, ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೋರ್ಟಾಸ್ಟುಡಿಯೋ 144 ಎಂಬ ಯಂತ್ರವನ್ನು ತಂದಿತು. 1989ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಅಟಾರಿ ಕಂಪ್ಯೂಟರಿಗೆ ಕ್ಯೂಬೇಸ್ ಮಾಡಿದಾಗ ಅದು ಮುದ್ರಿಸುತ್ತಿದ್ದುದು ಧ್ವನಿಯನ್ನಲ್ಲ, ಕೀಬೋರ್ಡಿನ ಯಾವ ಮನೆಯನ್ನು ಎಷ್ಟು ಹೊತ್ತು ಒತ್ತಿದರು ಎಂಬ ಮಿಡಿ ಸೂಚನೆಗಳನ್ನು ಮಾತ್ರ. 1991ರ ಪ್ರೋ ಟೂಲ್ಸ್ ಧ್ವನಿಯನ್ನೇ ಹಿಡಿಯಿತು. ಆದರೆ ನಾಲ್ಕೇ ಟ್ರ್ಯಾಕಿಗೆ ಸಾವಿರಾರು ಡಾಲರ್. 1996ರಲ್ಲಿ ಬಂದ ವಿಎಸ್‌ಟಿ ವ್ಯವಸ್ಥೆಯಿಂದ ರಿವರ್ಬ್, ಈಕ್ವಲೈಸರ್‌ಗಳೆಲ್ಲ ಪೆಟ್ಟಿಗೆಗಳ ರೂಪ ಬಿಟ್ಟು ಕಂಪ್ಯೂಟರಿನೊಳಗೆ ಸೇರಿದವು. 2004ರಲ್ಲಿ ಆಪಲ್ ಗ್ಯಾರೇಜ್‌ಬ್ಯಾಂಡ್ ಕೊಟ್ಟಿತು. ವಿನಾಂಪ್ ಮಾಡಿದ್ದ ಜಸ್ಟಿನ್ ಫ್ರಾಂಕೆಲ್ 2006ರಲ್ಲಿ ರೀಪರ್‌ನ ಮೊದಲ ಪೂರ್ಣ ಆವೃತ್ತಿಯನ್ನು ತಂದರು. ನಮ್ಮಲ್ಲಿ ಇದೇ ಕಾಲಕ್ಕೆ ಕ್ಯಾಸೆಟ್ ಯುಗ ಮುಗಿಯುತ್ತಿತ್ತು. 1978ರ ‘ನಿತ್ಯೋತ್ಸವ’ದ ಧ್ವನಿಸುರುಳಿಯಿಂದ ಮುಂದಕ್ಕೆ ಸುಗಮ ಸಂಗೀತ ಮನೆಮನೆಗೆ ಹೋಯಿತು ನಿಜ, ಆದರೆ ಮನೆಯಲ್ಲಿ ನಡೆಯುತ್ತಿದ್ದುದು ಕೇಳುವ ಕೆಲಸ. ಹಾಡಬೇಕಾದವರು ಸ್ಟುಡಿಯೋದ ಗಂಟೆ ಬಾಡಿಗೆಯ ಲೆಕ್ಕ ಹಾಕಿಯೇ ಬಾಯಿ ತೆರೆಯಬೇಕಿತ್ತು.

ಆ ಬಾಡಿಗೆಯ ಭಯ ಹೋದದ್ದು ಈ ಇಪ್ಪತ್ತೈದು ವರ್ಷಗಳ ದೊಡ್ಡ ಗಳಿಕೆ. ನಷ್ಟವೂ ಅದರ ಬೆನ್ನಿಗೇ ಬಂತು. ಟ್ರ್ಯಾಕ್‌ಗಳಿಗೆ ಮಿತಿಯಿಲ್ಲ, ಟೇಕ್‌ಗಳಿಗೆ ಮಿತಿಯಿಲ್ಲ, ಆದ್ದರಿಂದ ಹಾಡು ಮುಗಿಯುವುದೇ ಇಲ್ಲ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಅದೇ ಪೋರ್ಟಾಸ್ಟುಡಿಯೋದ ನಾಲ್ಕು ಟ್ರ್ಯಾಕುಗಳಲ್ಲಿ, ಎರಡು ಸಾಧಾರಣ ಡೈನಮಿಕ್ ಮೈಕ್ ಇಟ್ಟುಕೊಂಡು ಹಾಡಿಟ್ಟಿದ್ದು ಬರೀ ಕರಡು. ಆಮೇಲೆ ವಾದ್ಯತಂಡದೊಂದಿಗೆ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ ನೋಡಿದರೂ ಕ್ಯಾಸೆಟ್ಟಿನಲ್ಲಿದ್ದ ಜೀವ ಅಲ್ಲಿ ಸಿಗಲಿಲ್ಲ. ಕಡೆಗೆ ಆ ಕರಡೇ 1982ರಲ್ಲಿ ‘ನೆಬ್ರಾಸ್ಕಾ’ ಆಲ್ಬಂ ಆಯಿತು. ಹೊಸಬರು ಮೊದಲ ಹಾಡಿಗೆ ನಾಲ್ಕೇ ಟ್ರ್ಯಾಕ್ ಎಂದು ತಾವೇ ಕಟ್ಟು ಹಾಕಿಕೊಳ್ಳಲಿ: ಗಾಯನ, ತಂಬೂರಿ, ಒಂದು ಸ್ವರವಾದ್ಯ, ಒಂದು ತಾಳವಾದ್ಯ. ಮೂರು ನಿಮಿಷದ ಹಾಡೊಂದನ್ನು ಕೊನೆಮುಟ್ಟಿಸಿದವರಿಗೆ ಬರುವ ತಿಳಿವಳಿಕೆ, ಅರ್ಧಕ್ಕೆ ನಿಂತ ಹತ್ತು ಹಾಡುಗಳಿಂದ ಬರುವುದಿಲ್ಲ.

ಯಾವ ಸಾಫ್ಟ್‌ವೇರ್ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಒಂದೇ ದನಿಯನ್ನು ಮುದ್ರಿಸಿ ಕತ್ತರಿಸಲು ಆಡಾಸಿಟಿ ಸಾಕು. ಹಲವು ವಾದ್ಯ ಸೇರಿಸುವವರಿಗೆ ರೀಪರ್ ಆಗಲಿ, ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಆಗಲಿ ಸಲೀಸು. ಒಂದನ್ನು ಹಿಡಿದು ಒಂದು ವರ್ಷ ಬಿಡದಿರುವುದು ಮುಖ್ಯ.

ಹೊತ್ತು ಕೊಡಬೇಕಾದದ್ದು ಕೋಣೆಗೆ. ನಮ್ಮ ಮನೆಗಳೆಲ್ಲ ಗಾರೆ ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿ. ಇಂಥ ಕಡೆ ಚಪ್ಪಾಳೆ ತಟ್ಟಿದರೆ ಟಣ್ಣೆಂದು ಮರುಧ್ವನಿ ಬರುತ್ತದೆ, ಮೈಕಿಗೆ ಅದೂ ಹಾಡಿನಷ್ಟೇ ಸ್ಪಷ್ಟವಾಗಿ ಕೇಳುತ್ತದೆ. ಒಮ್ಮೆ ಹಾಡಿನೊಳಗೆ ಸೇರಿದ ಕೋಣೆಯ ಗುಂಗನ್ನು ಆಮೇಲೆ ಪೂರ್ತಿ ಬೇರ್ಪಡಿಸುವುದು ಆಗದ ಮಾತು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಪದ್ಧತಿ ಇನ್ನೂ ಉಳಿದಿದೆ, ಅದನ್ನು ಕೈಬಿಡಿ. ತೆಳು ರಟ್ಟು ಶಬ್ದವನ್ನು ಹೀರುವುದಿಲ್ಲ. ಹೀರುವುದು ದಪ್ಪ ಮತ್ತು ಮೆತ್ತನೆಯ ವಸ್ತು. ಹತ್ತಿಯ ಹಾಸಿಗೆಯನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ. ಎರಡು ಮಡಿಕೆ ಕಂಬಳಿಯನ್ನು ಹಗ್ಗದ ಮೇಲೆ, ಗೋಡೆಗೆ ತಾಗದಂತೆ ನೇತುಹಾಕಿ. ನೆಲಕ್ಕೆ ಜಮಖಾನ ಹಾಸಿ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಎದುರು ಕೂತರೂ ಒಳ್ಳೆಯ ಫಲ ಸಿಗುತ್ತದೆ. ಇಷ್ಟಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಸಾವಿರಾರು ರೂಪಾಯಿಯ ಮೈಕು ಕೊಡದ ಬದಲಾವಣೆಯನ್ನು ಇದು ಕೊಡುತ್ತದೆ. ಹೊರಗಿನ ಗದ್ದಲ ಮಾತ್ರ ಕಂಬಳಿಗೆ ಬಗ್ಗುವುದಿಲ್ಲ. ಆಟೋ, ಪಕ್ಕದ ಮನೆಯ ಕುಕ್ಕರ್, ಬೀದಿ ನಾಯಿ ಇವಕ್ಕೆಲ್ಲ ಬೆಳಗಿನ ಜಾವವೊಂದೇ ಮದ್ದು. ಫ್ಯಾನ್ ಆರಿಸಲೇಬೇಕು, ಬೇಸಿಗೆಯಾದರೂ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ: ಎಷ್ಟೋ ಸಲ ಹಾಡಿನ ಅಡಿಯಲ್ಲಿ ಗುಂಯ್ಗುಡುವ ಸದ್ದು ಅಷ್ಟಕ್ಕೇ ನಿಲ್ಲುತ್ತದೆ.

ಇದೇ ಕಾರಣಕ್ಕೆ ಎಲ್ಲರೂ ಮೊದಲು ಕೊಳ್ಳುವ ಕಂಡೆನ್ಸರ್ ಮೈಕಿನ ಬಗ್ಗೆ ನನಗೆ ತಕರಾರಿದೆ. 48 ವೋಲ್ಟಿನ ವಿದ್ಯುತ್ ಬೇಡುವ ಆ ಸೂಕ್ಷ್ಮ ಮೈಕು ಸಿದ್ಧಗೊಂಡ ಕೋಣೆಯಲ್ಲಿ ಸೊಗಸು. ರಸ್ತೆಬದಿಯ ಮನೆಯಲ್ಲಿ ಅದು ರಸ್ತೆಯನ್ನೂ ಒಳಗೆ ಕರೆಯುತ್ತದೆ. 1966ರಿಂದ ವೇದಿಕೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ತರಹದ ಡೈನಮಿಕ್ ಮೈಕನ್ನು ಹತ್ತಿರ ಹಿಡಿದು ಹಾಡಿದರೆ ಹೊಸಬರಿಗೆ ಮೇಲು. ಬಾಯಿ-ಮೈಕಿನ ಅಂತರ ಮೂವತ್ತು ಸೆಂಟಿಮೀಟರಿನಿಂದ ಹದಿನೈದಕ್ಕೆ ಇಳಿದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಮರುಧ್ವನಿ ಇದ್ದಷ್ಟೇ ಇರುತ್ತದೆ. 1925ಕ್ಕೆ ಮುಂಚೆ, ಧ್ವನಿಮುದ್ರಣಕ್ಕೆ ವಿದ್ಯುತ್ ಮೈಕು ಇನ್ನೂ ಬಾರದ ಕಾಲದಲ್ಲಿ, ಕಹಳೆಯ ಮುಂದೆ ಯಾರು ಎಷ್ಟು ದೂರ ನಿಲ್ಲಬೇಕು ಎಂದು ಅಳೆಯುವುದೇ ಮಿಕ್ಸಿಂಗ್ ಆಗಿತ್ತು. ಆ ಅಳತೆಯ ಬೆಲೆ ಇಂದಿಗೂ ತಗ್ಗಿಲ್ಲ. ಮೈಕನ್ನು ಬಾಯಿಗೆ ನೇರವಾಗಿಡದೆ ತುಸು ಓರೆಯಾಗಿಟ್ಟರೆ ‘ಪ’ಕಾರ, ‘ಬ’ಕಾರಗಳ ಗಾಳಿ ಬಡಿಯುವುದಿಲ್ಲ. ಕೊಳಲಿಗೂ ಹಾಗೆಯೇ: ಊದುವ ರಂಧ್ರಕ್ಕೆ ಎದುರಾಗಿ ಬೇಡ, ಮೇಲಿನಿಂದ ಇರಲಿ.

ಇನ್ನು ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಏರಿಸಿ ಮುದ್ರಿಸಬೇಕು ಎಂಬುದು. ಟೇಪಿನ ಕಾಲದಲ್ಲಿ ಅದರ ಸುಯ್‌ ಸದ್ದನ್ನು ಮುಚ್ಚಲು ದನಿಯನ್ನು ಸಾಧ್ಯವಾದಷ್ಟು ಜೋರಾಗಿ ಮುದ್ರಿಸುತ್ತಿದ್ದರು. 24 ಬಿಟ್ ಮುದ್ರಣಕ್ಕೆ ಆ ಅಭ್ಯಾಸ ಬೇಡ. ಹಾಡಿನ ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 10ರ ಆಸುಪಾಸಿನಲ್ಲಿ ನಿಲ್ಲುವಂತಿರಲಿ. ಸೊನ್ನೆ ದಾಟಿ ಒಡೆದ ದನಿ ಮತ್ತೆ ಕೂಡದು. ಮೆಲ್ಲಗಾದ ದನಿಯನ್ನು ಎಷ್ಟಾದರೂ ಏರಿಸಬಹುದು. ಹಾಡುಗಾರರು ರಿಹರ್ಸಲ್‌ಗಿಂತ ನಿಜವಾದ ಟೇಕಿನಲ್ಲಿ ಜೋರಾಗುವುದು ಸಹಜ, ಅದಕ್ಕೂ ಜಾಗ ಬಿಟ್ಟಿರಿ.

ಹೆಡ್‌ಫೋನಿನಲ್ಲಿ ತಮ್ಮ ದನಿ ತಡವಾಗಿ ಕೇಳುವುದು ಹೊಸಬರನ್ನು ಗಾಬರಿಗೊಳಿಸುವ ಇನ್ನೊಂದು ತೊಡಕು. ಕಂಪ್ಯೂಟರು ಒಂದು ಸಲಕ್ಕೆ ಕೂಡಿಟ್ಟು ಸಂಸ್ಕರಿಸುವ ಧ್ವನಿಯ ತುಂಡು, ಅಂದರೆ ಬಫರ್, 1024 ಸ್ಯಾಂಪಲ್‌ಗಳಿಗಿದ್ದರೆ 44.1 ಕಿಲೋಹರ್ಟ್ಸಿನಲ್ಲಿ ಅದೊಂದರಿಂದಲೇ 23 ಮಿಲಿಸೆಕೆಂಡ್ ವಿಳಂಬ. ಎಂಟು ಮೀಟರ್ ದೂರದಲ್ಲಿ ಯಾರೋ ಹಾಡಿದಂತೆ. ತಾಳ ಜಾರದೆ ಇನ್ನೇನಾದೀತು? ಮುದ್ರಿಸುವಾಗ 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ ಮತ್ತೆ ಏರಿಸಿ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನಲ್ಲಿ ನೇರ ಮಾನಿಟರಿಂಗ್ ಗುಂಡಿ ಇದ್ದರೆ ಈ ತಲೆನೋವೇ ಇಲ್ಲ.

ಇಲ್ಲಿಯತನಕದ ಮಾತು ಯಾವ ದೇಶದವರಿಗೂ ಹೊಂದುತ್ತದೆ. ನಮ್ಮ ಸಂಗೀತಕ್ಕೆ ಬೇರೆಯೇ ಆದ ಎರಡು ಎಚ್ಚರ ಬೇಕು. ಮೊದಲನೆಯದು ಶ್ರುತಿಯದು. ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ಹಾಡಿದರೆ ತಂಬೂರಿಯ ನಾದ ಗಾಯನದ ಟ್ರ್ಯಾಕಿನೊಳಗೇ ಕೂರುತ್ತದೆ. ಆಮೇಲೆ ಒಂದು ಸಾಲನ್ನು ಕತ್ತರಿಸಿ ಬೇರೆ ಟೇಕಿನದನ್ನು ಜೋಡಿಸಿದರೆ ಹಾಡು ಕೂಡಿಕೊಂಡರೂ ತಂಬೂರಿ ತುಂಡಾಗಿ ಕೇಳುತ್ತದೆ. ತಂಬೂರಿಯನ್ನು ಮೊದಲು ಪ್ರತ್ಯೇಕ ಟ್ರ್ಯಾಕಿನಲ್ಲಿ ಮುದ್ರಿಸಿ, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಬೇಕು. ಎರಡು ಕಿವಿಯೂ ಮುಚ್ಚಿದರೆ ಕೆಲವರಿಗೆ ಶ್ರುತಿ ಕದಲುತ್ತದೆ, ಅಂಥವರು ಒಂದು ಕಿವಿ ಬಿಟ್ಟುಕೊಂಡು ಹಾಡಲಿ, ಬಿಟ್ಟ ಬದಿಯ ದನಿಯನ್ನು ನಿಲ್ಲಿಸಿಬಿಡಲಿ.

ಎರಡನೆಯದು ಸ್ವರ ತಿದ್ದುವ ಸಾಧನ. ಭೂಗರ್ಭದ ತೈಲ ಶೋಧಕ್ಕೆ ಧ್ವನಿತರಂಗಗಳ ಗಣಿತದಲ್ಲಿ ದುಡಿದಿದ್ದ ಆಂಡಿ ಹಿಲ್ಡೆಬ್ರಾಂಡ್ 1997ರಲ್ಲಿ ಆಟೋಟ್ಯೂನ್ ತಂದರು. ಗಣಿತವಾಗಿ ಅದು ದೊಡ್ಡ ಸಾಧನೆ. ಆದರೆ ಅದರ ಸಾಮಾನ್ಯ ಹೊಂದಿಕೆ ದನಿಯನ್ನು ಕೀಬೋರ್ಡಿನ ಹನ್ನೆರಡು ಮನೆಗಳಲ್ಲಿ ಹತ್ತಿರದ್ದಕ್ಕೆ ಎಳೆದು ಕೂರಿಸುತ್ತದೆ. ತೋಡಿಯ ಗಾಂಧಾರ ಯಾವ ಮನೆಯಲ್ಲೂ ಕೂರುವುದಿಲ್ಲ. ತೂಗಾಟವೇ ಅದರ ಸ್ವರೂಪ. ಆ ತೂಗಾಟವನ್ನು ತಪ್ಪೆಂದು ಬಗೆದು ಯಂತ್ರ ಇಸ್ತ್ರಿ ಮಾಡಿದರೆ ರಾಗವೇ ಹೋಯಿತು. ಭಾವಗೀತೆಯಲ್ಲೂ ಸ್ವರದಿಂದ ಸ್ವರಕ್ಕೆ ಜಾರುವ ಜಾಗದಲ್ಲೇ ಕವಿಯ ಮಾತು ಮಿಡಿಯುತ್ತದೆ. ಕಲಿಯುವ ಹುಡುಗ ಹುಡುಗಿಯರು ಈ ಸಾಧನವನ್ನು ಮೊದಲ ದಿನದಿಂದಲೇ ಹಚ್ಚಿಕೊಳ್ಳುತ್ತಿರುವುದು ನನಗೆ ನಿಜವಾದ ಆತಂಕ. ಅಪಸ್ವರ ಬಂತೇ, ಇನ್ನೊಮ್ಮೆ ಹಾಡಿ. ಬಾಡಿಗೆಯಿಲ್ಲದ ಸ್ಟುಡಿಯೋ ಇರುವುದು ಅದಕ್ಕೇ ಅಲ್ಲವೇ?

2020ರ ಲಾಕ್‌ಡೌನಿನಲ್ಲಿ ಒಬ್ಬೊಬ್ಬರು ಒಂದೊಂದು ಊರಿನಿಂದ ತಮ್ಮ ಭಾಗ ಮುದ್ರಿಸಿ ಕಳಿಸುವುದು ಬಳಕೆಗೆ ಬಂತು, ಈಗಲೂ ಮುಂದುವರಿದಿದೆ. ಶಿವಮೊಗ್ಗದ ಗಾಯಕಿಗೆ ಸಿಂಗಪುರದ ಕನ್ನಡಿಗ ಕೊಳಲು ನುಡಿಸಬಹುದು. ಆರಂಭಿಸುವ ಮುನ್ನ ಇಬ್ಬರ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯುತ್ತದೆ ಎಂಬ ಲೆಕ್ಕ) ಒಂದೇ ಎಂದು ಖಚಿತಪಡಿಸಿಕೊಳ್ಳಿ. 44.1 ಕಿಲೋಹರ್ಟ್ಸಿನ ಫೈಲನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಬಿಳಿ ಒಂದರ ಶ್ರುತಿ ಕರಿ ಒಂದನ್ನು ದಾಟಿ ಬಿಳಿ ಎರಡರ ಮಗ್ಗುಲಿಗೆ ಹೋಗುತ್ತದೆ, ವೇಗವೂ ಏರುತ್ತದೆ.

ಮಿಕ್ಸಿಂಗ್ ವಿಷಯ ಬಹಳ ಉದ್ದ, ಇಲ್ಲಿ ಎರಡೇ ಮಾತು. ರಿವರ್ಬನ್ನು ಇಷ್ಟವಾಗುವಷ್ಟು ಹಾಕಿ, ಮರುದಿನ ಅದರರ್ಧಕ್ಕೆ ಇಳಿಸಿ. ಸ್ಪಾಟಿಫೈಯಂಥ ಸೇವೆಗಳು ಎಲ್ಲ ಹಾಡುಗಳನ್ನೂ ಹೆಚ್ಚುಕಡಿಮೆ ಒಂದೇ ಜೋರಿಗೆ ತರುವುದರಿಂದ ಹಿಂಡಿ ಹಿಂಡಿ ಸದ್ದು ಏರಿಸುವುದರಿಂದ ಲಾಭವಿಲ್ಲ.

ಕಾಪಿಡುವ ವಿಷಯದಲ್ಲಿ ಈ ಕಾಲು ಶತಮಾನ ಕಲಿಸಿದ ಪಾಠ ಕಠಿಣವಾದುದು. 1987ರಿಂದ ನಡೆದು ಬಂದ ಕೇಕ್‌ವಾಕ್ ಸಾಫ್ಟ್‌ವೇರನ್ನು ಅದರ ಒಡೆತನವಿದ್ದ ಗಿಬ್ಸನ್ 2017ರ ನವೆಂಬರಿನಲ್ಲಿ ನಿಲ್ಲಿಸುವುದಾಗಿ ಹೇಳಿತು. ಮರುವರ್ಷ ಬ್ಯಾಂಡ್‌ಲ್ಯಾಬ್ ಕೊಂಡು ಉಳಿಸಿತು. ಎಲ್ಲಕ್ಕೂ ಆ ಅದೃಷ್ಟ ಇರುವುದಿಲ್ಲ. ಪ್ರಾಜೆಕ್ಟ್ ಫೈಲ್ ಎಂಬುದು ಸಾಫ್ಟ್‌ವೇರ್ ಬದುಕಿರುವವರೆಗಷ್ಟೇ ತೆರೆಯುತ್ತದೆ. ಹಾಡು ಮುಗಿದ ದಿನವೇ ಪ್ರತಿ ಟ್ರ್ಯಾಕನ್ನೂ ಸೊನ್ನೆ ನಿಮಿಷದಿಂದ ಕೊನೆಯವರೆಗೆ ವೇವ್ ಫೈಲಾಗಿ ಹೊರತೆಗೆದಿಡಿ. 44.1, 24 ಬಿಟ್ಟಿನ ಒಂಟಿ ಟ್ರ್ಯಾಕಿಗೆ ನಿಮಿಷಕ್ಕೆ ಎಂಟು ಎಂಬಿಗಿಂತ ಹೆಚ್ಚು ಜಾಗ ಬೇಡ. ಎಂಪಿ3 ಹಂಚುವುದಕ್ಕಿರಲಿ, ಕಾಪಿಡುವುದಕ್ಕೆ ಬೇಡ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮನೆಯ ಧ್ವನಿಮುದ್ರಣದ ಅತಿ ದೊಡ್ಡ ಉಪಯೋಗ ನಮ್ಮಲ್ಲಿ ಇನ್ನೂ ಆಗಿಲ್ಲ. ಅಜ್ಜಿಯ ಬೀಸುವ ಪದ, ಸೋಬಾನೆ ಪದಗಳು ಬಹುತೇಕ ಫೋನಿನಲ್ಲಿ ಅವಸರಕ್ಕೆ ಹಿಡಿದ, ಹೆಸರು ದಿನಾಂಕ ಏನೂ ಇಲ್ಲದ ಫೈಲುಗಳಾಗಿ ಕಳೆದುಹೋಗುತ್ತಿವೆ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಲು ಅದು ನೆರವಾಗುತ್ತಿತ್ತು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ದನಿಯನ್ನು ಇಂದಿಗೂ ಹೆಸರಿನ ಸಮೇತ ಗುರುತಿಸಬಹುದಾಗಿದೆ. ನಿಮ್ಮ ಮನೆಯ ಹಿರಿಯರನ್ನು ಮುದ್ರಿಸುವಾಗ ಮೊದಲು ಐದು ಸೆಕೆಂಡ್ ಮೌನ ಬಿಡಿ. ಆ ಮೌನದ ಸದ್ದನ್ನು ಮಾದರಿಯಾಗಿಟ್ಟು ಆಡಾಸಿಟಿ ಹಿನ್ನೆಲೆಯ ಗೊರಗೊರವನ್ನು ಹಗುರಾಗಿ ತೆಗೆಯಬಲ್ಲದು. ಆಮೇಲೆ ಹೆಸರು, ಊರು, ದಿನಾಂಕ, ಈ ಪದವನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಬಳಿಕ ಹಾಡಿಸಿ, ನಡುವೆ ತಡೆಯಬೇಡಿ. ಫೈಲಿನ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.